ಸಿಗ್ನಲ್‌ನಲ್ಲಿ ಆರ್‌ಎಕ್ಸ್, ಏರಿನಲ್ಲಿ ಯೆಜ್ಡಿ

ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಎರಡು ಹಳೇ ಬೈಕು ನಿಂತಿವೆ. ಯಮಹಾ ಆರ್‌ಎಕ್ಸ್ 100 ಮೇಲಿನ ಫ್ಲ್ಯಾಟಿನ ಹುಡುಗನದು. ಯೆಜ್ಡಿ ರೋಡ್‌ಕಿಂಗ್ ನಮ್ಮಪ್ಪನದು, ಊರಿಂದ ನಾನು ತಂದದ್ದು. ಯಾವುದು ದೊಡ್ಡದು ಅಂತ ಭಾನುವಾರಕ್ಕೊಂದು ಜಗಳ. ಅವನದು ಒಂದೇ ಪಟ್ಟು: "ಸೌತ್ ಎಂಡ್ ಸರ್ಕಲ್ ಸಿಗ್ನಲ್‌ಗೆ ಬನ್ನಿ ಅಣ್ಣ, ನೋಡೋಣ."

ಎರಡೂ ಟೂ-ಸ್ಟ್ರೋಕ್. ಎರಡರ ಉತ್ಪಾದನೆಯೂ 1996ರಲ್ಲೇ ನಿಂತಿತು. ಆದರೆ ತಲೆಮಾರು ಬೇರೆ. 1985ರಲ್ಲಿ ಬಂದ ಆರ್‌ಎಕ್ಸ್ ಜಪಾನಿನ ಕೂಸು. ರೋಡ್‌ಕಿಂಗ್ ಎಪ್ಪತ್ತರ ದಶಕದ್ದು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, ಜೆಕೊಸ್ಲೊವಾಕಿಯಾದ ಜಾವಾ ವಂಶದ್ದು.

ಇಂಜಿನ್ ಅಷ್ಟೇ ನೋಡಿದರೆ ವಾದಕ್ಕೆ ಜಾಗವಿಲ್ಲ. ಯಮಹಾ 98 ಸಿಸಿಯಲ್ಲಿ 11 ಅಶ್ವಶಕ್ತಿ ತೆಗೆಯುತ್ತೆ. ಯೆಜ್ಡಿಗೆ 16 ತೆಗೆಯೋಕೆ 250 ಸಿಸಿ ಬೇಕು. ಆರ್‌ಎಕ್ಸ್‌ನ ರೀಡ್ ವಾಲ್ವಿನ ತೆಳು ಎಲೆಗಳು ಒಳಗೆ ಹೋದ ಪೆಟ್ರೋಲ್-ಗಾಳಿ ಕಾರ್ಬ್ಯುರೇಟರಿಗೆ ವಾಪಸ್ ಬರದ ಹಾಗೆ ತಡೆಯುತ್ತವೆ. ಆಯಿಲ್‌ಗೆ ಬೇರೆ ಟ್ಯಾಂಕು, ಪಂಪು. ನಮ್ಮಪ್ಪ ಬಂಕಿನಲ್ಲಿ ನಿಂತು ಪೆಟ್ರೋಲಿಗೆ ಆಯಿಲ್ ಅಳೆದು ಹಾಕಿಸಬೇಕಿತ್ತು.

ಆದರೂ ಒಂದು ಲೆಕ್ಕ ಮಾಡಿ. ಆರ್‌ಎಕ್ಸ್ ತೂಕ ನೂರು ಕೆಜಿ ಆಸುಪಾಸು, ಯೆಜ್ಡಿ ಸುಮಾರು 140. ಖಾಲಿ ಗಾಡಿಯಲ್ಲಿ ಕೆಜಿಗೆ ಸಿಗೋ ಶಕ್ತಿ ಹೆಚ್ಚುಕಮ್ಮಿ ಒಂದೇ. ಇಬ್ಬರನ್ನ ಕೂರಿಸಿ, ಹಿಂದೆ ಒಂದು ರಾಗಿ ಮೂಟೆ ಹಾಕಿ: ಯೆಜ್ಡಿ ಕಾಲು ಪಾಲಿಗಿಂತ ಮುಂದೆ. ಟಾರ್ಕ್ ಅಂತೂ ದುಪ್ಪಟ್ಟು. ಹಗುರ ಮೈಯ ಆರ್‌ಎಕ್ಸ್ ಸಿಗ್ನಲ್‌ನಲ್ಲಿ ಗೆಲ್ಲೋದು ನಿಜ, ಯಾಕಂದ್ರೆ ಅಲ್ಲಿ ಒಬ್ಬನೇ ಕೂತಿರ್ತಾನೆ, ಓಟ ಮುಂದಿನ ಸಿಗ್ನಲ್‌ವರೆಗೆ. ನಾವು ನಗರದವರು ಬೈಕಿಗೆ ಇಡೋದು ಅದೊಂದೇ ಪರೀಕ್ಷೆ. ಊರಲ್ಲಿ ಕೇಳ್ತಿದ್ದ ಪ್ರಶ್ನೆ ಬೇರೆ: ಹಾಲಿನ ಕ್ಯಾನು ಕಟ್ಟಿಕೊಂಡು ಏರು ಹತ್ತುತ್ತಾ?

ಹಾಗಂತ ಯೆಜ್ಡಿ ಪರವಾಗಿ ಪೂರ್ತಿ ಸುಳ್ಳು ಹೇಳಲ್ಲ. ಬ್ರೇಕು ದೇವರಿಗೇ ಪ್ರೀತಿ. ಅರ್ಧ ಗಂಟೆಗೆ ಕೈ ಜುಮ್ ಅನ್ನುತ್ತೆ. ಹೊಗೆಯಲ್ಲಿ ಇಬ್ಬರೂ ತಪ್ಪಿತಸ್ಥರು. ಟೂ-ಸ್ಟ್ರೋಕ್‌ನಲ್ಲಿ ಹೊಸ ಪೆಟ್ರೋಲ್ ಒಂದಿಷ್ಟು ಉರಿಯದೇ ಸೈಲೆನ್ಸರ್ ಸೇರುತ್ತೆ. ಅದರ ಮೇಲೆ ಸದ್ದಿಗೋಸ್ಕರ ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಜಯನಗರದ ಗಲ್ಲಿಗಳಲ್ಲಿ ಮಧ್ಯರಾತ್ರಿ ಸುತ್ತೋದು ಆರ್‌ಎಕ್ಸ್ ಪ್ರೀತಿ ಅಲ್ಲ. ಆ ಇಂಜಿನ್ನನ್ನ ಅಷ್ಟು ನಾಜೂಕಾಗಿ ಮಾಡಿದವರಿಗೆ ಅವಮಾನ.

ಹೋದ ತಿಂಗಳು ಕನಕಪುರ ರಸ್ತೆಯಲ್ಲಿ ಹೋದೆವು, ಎರಡರಲ್ಲೂ ಇಬ್ಬಿಬ್ಬರು. ಏರಲ್ಲಿ ಅವನು ಗೇರ್ ಇಳಿಸಿ, ಇನ್ನೊಂದು ಇಳಿಸಿ, ಕಿರುಚಿಸ್ತಾ ಬಂದ. ನಾನು ಟಾಪ್ ಗೇರಲ್ಲೇ ಹತ್ತಿದೆ. ವಾಪಸ್ ಬರುವಾಗ ಬೈಕು ಅದಲುಬದಲು. ಗೇರ್ ಲಿವರ್ರೇ ಒಳಗೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಎರಡು ನಿಮಿಷ ಗಾಡಿ ಸುತ್ತ ಸುತ್ತಿ ಕೇಳಿದ: "ಅಣ್ಣಾ, ಕಿಕ್ಕರ್ ಎಲ್ಲಿ ಬಿದ್ದೋಯ್ತು?"