ಸೊಪ್ಪು ಮುರಿದವರ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ ಸೀಮೆಗಳ ವರ್ಜೀನಿಯಾ ಹೊಗೆಸೊಪ್ಪು ಹರಾಜು ಮಾರುಕಟ್ಟೆಯನ್ನು ದಾಟಿ ದೇಶಾಂತರಗಳ ಸಿಗರೇಟುಗಳಲ್ಲಿ ಬೆರೆಯುವುದು. ಸಿಗರೇಟು ಪೊಟ್ಟಣದ ಮೇಲಣ ಬರಹವನ್ನೂ ವಿಮರ್ಶಕನು ಒಂದು ಕೃತಿಯೆಂದೇ ಓದಬೇಕು. ನಮ್ಮ ದೇಶದಲ್ಲಿ 2016ರಿಂದ ಎಚ್ಚರಿಕೆಯು ಪೊಟ್ಟಣದ ಮುಖ್ಯ ಪಾರ್ಶ್ವಗಳ ನೂರಕ್ಕೆ 85 ಭಾಗವನ್ನು ತುಂಬಿದೆ. ಆದರೂ ಅದು ನುಡಿಯುವುದು ಸೇದುವವನೊಡನೆ ಮಾತ್ರ. ಇಬ್ಬನಿಯಲ್ಲಿ ತೊಯ್ದ ಸೊಪ್ಪನ್ನು ಬರಿಗೈಯಿಂದ ಮುರಿಯುವವಳ ಚರ್ಮದೊಳಕ್ಕೆ ನಿಕೋಟಿನ್ ಇಳಿದು ವಾಂತಿ, ತಲೆಸುತ್ತು ತರುವ ಸಂಗತಿ ಅಲ್ಲಿಲ್ಲ. ಬ್ಯಾರನ್ನಿನ ಬೆಂಕಿಯನ್ನು ರಾತ್ರಿಯಿಡೀ ಕಾಯುವವನೂ ಅಲ್ಲಿಲ್ಲ.

ಇಂತಹ ಮೌನವನ್ನು ಮುರಿಯಬಲ್ಲುದು ಸಾಹಿತ್ಯವು. ಕಾರಂತರ ‘ಚೋಮನ ದುಡಿ’ (1933) ಕಾಫಿತೋಟದ ಸಾಲವನ್ನು ಒಂದು ಸಂಸಾರದ ನಾಶದಿಂದ ಅಳೆಯಿತು: ತೋಟದಿಂದ ಮರಳಿದ ಚನಿಯನು ಜ್ವರದಿಂದ ಸಾಯುವನು, ಬೆಳ್ಳಿಯ ಮಾನವೇ ಸಾಲದ ಬೆಲೆಯಾಗುವುದು. ಹೊಗೆಸೊಪ್ಪಿನ ಲೆಕ್ಕವನ್ನೂ ಅಷ್ಟೇ ನಿಷ್ಠುರವಾಗಿ ಬರೆಯುವುದು ನಮ್ಮ ಕಾದಂಬರಿಕಾರರ ಮೇಲಿರುವ ಋಣ.