ನಡಾವಳಿಯಲ್ಲಿ ಕಾಣದ ಕಾಲೊನಿ

ನಿವಾಸಿಗಳ ಸಂಘದ ನಡಾವಳಿ ಪುಸ್ತಕವನ್ನು ವಿಮರ್ಶೆಗೆ ಯೋಗ್ಯವಾದ ಬರಹವೆಂದು ಯಾರೂ ಎಣಿಸುವುದಿಲ್ಲ. ಎಣಿಸಬೇಕು ಎಂಬುದು ನನ್ನ ವಾದ. ಒಂದು ಬೀದಿಯ ಜನ ತಮ್ಮ ನೀರು, ಚರಂಡಿ, ದೀಪ, ದುಡ್ಡಿನ ವಿಚಾರವನ್ನು ತಾವೇ ಕೂತು ಬರೆದುಕೊಂಡ ದಾಖಲೆ ಅದು. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನ ಕಾಲೊನಿಗಳಲ್ಲಿ, ಬಂಗಾರಪೇಟೆಯ ಹೊಸ ಬಡಾವಣೆಗಳಲ್ಲಿ ಇಂಥ ಬರಹಕ್ಕೆ ಕೊರತೆಯಿಲ್ಲ. ಸಭೆಯ ನೋಟಿಸು, ಸುತ್ತೋಲೆ, ವಾರ್ಷಿಕ ವರದಿ, ನಡಾವಳಿ ಎಲ್ಲವೂ ಇವೆ. ಎಲ್ಲವನ್ನೂ ಒಟ್ಟಿಗೆ ಓದಿದರೆ ಒಂದೇ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಚರ್ಚೆಯಲ್ಲಿ ಬಂದದ್ದೇನು, ಬೇಡವೆಂದವರು ಯಾರು, ಅವರು ಕೊಟ್ಟ ಕಾರಣವೇನು, ಬೇರೆ ದಾರಿಯೇನಾದರೂ ಇತ್ತೇ? ಇದರಲ್ಲಿ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಇನ್ನು ಇಪ್ಪತ್ತು ವರ್ಷ ಕಳೆದ ಮೇಲೆ ಈ ಪುಸ್ತಕ ತೆರೆದವರಿಗೆ, ಇಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಎದುರಾಡದ ಜನ ಬದುಕಿದ್ದರು ಅನ್ನಿಸಬಹುದು. ಕೆಜಿಎಫ್ ಬಲ್ಲವರಿಗೆ ಇದು ಎಷ್ಟು ಸುಳ್ಳು ಎಂದು ಹೇಳಬೇಕಾಗಿಲ್ಲ.

ಈ ಸುಳ್ಳಿಗೆ ಚರಿತ್ರೆಯಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಇಲ್ಲಿ ಮನೆ ಎನ್ನುವುದು ಕಂಪನಿಯ ಸ್ವತ್ತಾಯಿತು. ಗುಡ್ಡದ ಮೇಲೆ ಅಧಿಕಾರಿಗಳ ಬಂಗಲೆ, ಕೆಳಗೆ ಗಣಿಗೆ ಇಳಿಯುವವರ ತಟ್ಟಿ ಮನೆ, ಆಮೇಲೆ ಸಾಲುಸಾಲು ಲೈನ್ ಮನೆ. ಶಿವನಸಮುದ್ರದ ವಿದ್ಯುತ್ತು ಗಣಿಯ ಯಂತ್ರಗಳಿಗೆ 1902ರಲ್ಲೇ ಬಂತು, ಲೈನ್ ಮನೆಯ ಒಳಕೋಣೆಗೆ ಬರಲು ಬಹಳ ಕಾಲ ಹಿಡಿಯಿತು. ಊರಿನ ನೈರ್ಮಲ್ಯ ನೋಡಲು ಸ್ಯಾನಿಟರಿ ಬೋರ್ಡ್ ಇತ್ತು, ಅದರಲ್ಲಿ ಕಂಪನಿಗಳ ಮಾತೇ ಮೇಲಾಗಿತ್ತು. ಯಾವ ಲೈನಿಗೆ ಎಷ್ಟು ನಲ್ಲಿ, ಯಾವ ಮನೆ ಯಾವಾಗ ಖಾಲಿ ಮಾಡಬೇಕು ಎಂಬುದನ್ನು ಅಲ್ಲಿ ವಾಸ ಮಾಡುವವರು ತೀರ್ಮಾನಿಸುತ್ತಿರಲಿಲ್ಲ. ತೀರ್ಮಾನ ಎಲ್ಲೋ ಆಗಿ, ಗೋಡೆಗೆ ಅಂಟಿಸಿದ ಕಾಗದವಾಗಿ ಅವರಿಗೆ ತಲುಪುತ್ತಿತ್ತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆಯಿತು. ಮಾಲೀಕರು ಬದಲಾದರು. ನೋಟಿಸಿನ ದನಿ ಬದಲಾಗಲಿಲ್ಲ.

ಆದರೆ ಅದೇ ಊರಿನಲ್ಲಿ ಇನ್ನೊಂದು ಪರಂಪರೆಯೂ ಬೆಳೆಯಿತು. 1930ರಲ್ಲಿ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ದಾಖಲಿಸುವ ಕ್ರಮವನ್ನು ಹೇರಲು ಹೊರಟಾಗ ಸಾವಿರಾರು ಜನ ಗಣಿಗೆ ಇಳಿಯಲಿಲ್ಲ. 1946ರ ಗೋಲಿಬಾರಿನಲ್ಲಿ ಕಾರ್ಮಿಕರು ಪ್ರಾಣ ಬಿಟ್ಟರು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು 1998ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ ಈ ಕಾರ್ಮಿಕ ಲೋಕವನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ. ಯೂನಿಯನ್ನುಗಳು ಬೇರೂರಿದ ಮೇಲೆ ಗೇಟ್ ಮೀಟಿಂಗ್ ಎಂಬುದು ಊರಿನ ರೂಢಿಯಾಯಿತು. ಮಾತುಕತೆಗೆ ಹೋಗಿ ಬಂದ ಮುಖಂಡ ಗಣಿಯ ಗೇಟಿನ ಮುಂದೆ ನಿಂತು, ಕೇಳಿದ್ದೇನು, ಸಿಕ್ಕಿದ್ದೇನು, ಬಿಟ್ಟುಕೊಟ್ಟದ್ದೇನು ಎಂದು ಜನರ ಭಾಷೆಯಲ್ಲೇ ಹೇಳಬೇಕಿತ್ತು. ಪಾಳಿ ಮುಗಿಸಿ ಬಂದವರು ನಿಂತಲ್ಲೇ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಸರಿಯಿಲ್ಲದಿದ್ದರೆ ಮುಖಂಡನ ಗತಿ ಏನಾಗುತ್ತಿತ್ತೆಂದು ಊರಿನ ಹಿರಿಯರಿಗೆ ಚೆನ್ನಾಗಿ ಗೊತ್ತು.

ಕಂಪನಿಯ ನೋಟಿಸು, ಯೂನಿಯನ್ನಿನ ಗೇಟ್ ಮೀಟಿಂಗು: ಎರಡೂ ನಮ್ಮ ಸಂಘಗಳ ಮುಂದೆ ಇದ್ದವು. ಗೇಟ್ ಮೀಟಿಂಗಿನಲ್ಲಿ ಕೂಗಿ ಬೆಳೆದವರೇ, ಅವರ ಮಕ್ಕಳೇ, ಸಂಘ ಕಟ್ಟುವಾಗ ಕಂಪನಿಯ ನೋಟಿಸನ್ನು ಆರಿಸಿಕೊಂಡರು. ನನ್ನ ಆಕ್ಷೇಪದ ತಿರುಳು ಇದು.

ಒಂದು ಸಾಮಾನ್ಯ ಸುತ್ತೋಲೆಯನ್ನು ನೋಡೋಣ. ‘ತಾಂತ್ರಿಕ ಕಾರಣದಿಂದ ನೀರು ಸರಬರಾಜಿನಲ್ಲಿ ವ್ಯತ್ಯಯವಾಗಲಿದ್ದು ನಿವಾಸಿಗಳು ಸಹಕರಿಸಬೇಕಾಗಿ ಕೋರಲಾಗಿದೆ.’ ವ್ಯಾಕರಣ ಸರಿಯಿದೆ, ವಿನಯವೂ ಇದೆ. ಓದಿದ ಗೃಹಿಣಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಮೋಟಾರು ಸುಟ್ಟಿದೆಯೇ, ಬೋರ್‌ವೆಲ್ ಬತ್ತಿದೆಯೇ, ಪೈಪು ಒಡೆದಿದೆಯೇ? ಮೋಟಾರಾದರೆ ರಿಪೇರಿಯಾಗಿ ಬರುವವರೆಗೆ ಕಾಯಬಹುದು. ಬೋರ್‌ವೆಲ್ ಬತ್ತಿದ್ದರೆ ಟ್ಯಾಂಕರಿಗೆ ಇವತ್ತೇ ಹೇಳಬೇಕು, ಮಗಳ ಸೀಮಂತವಿದ್ದರೆ ಚೌಲ್ಟ್ರಿ ನೋಡಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ಜಿಲ್ಲೆ ಇದು. ಕೆಜಿಎಫ್‌ಗೆ ಪಾಲಾರಿನ ಬೇತಮಂಗಲ ಕೆರೆಯ ನೀರು ಹರಿದ ಕಾಲವಿತ್ತು, ಕೆರೆ ಬರಿದಾದ ವರ್ಷಗಳನ್ನೂ ಊರು ಕಂಡಿದೆ. ಬಂಗಾರಪೇಟೆಯವರು ಮಾರ್ಕಂಡೇಯ ನದಿಯ ಯರಗೋಳು ಅಣೆಕಟ್ಟಿಗಾಗಿ ವರ್ಷಗಟ್ಟಲೆ ಕಾದರು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಅದರ ಗುಣಮಟ್ಟದ ಬಗ್ಗೆ ವಾದ ನಿಂತಿಲ್ಲ. ನೀರಿನ ವಿಷಯದಲ್ಲಿ ಇಷ್ಟು ತಿಳಿದ ಜನರಿಗೆ ‘ತಾಂತ್ರಿಕ ಕಾರಣ’ ಎಂದು ಬರೆಯುವುದು ಅವರ ತಿಳಿವಳಿಕೆಗೆ ಮಾಡುವ ಅವಮಾನ. ಮೋಟಾರು ಕೆಟ್ಟಿದೆ, ಇಂಥ ದಿನ ರಿಪೇರಿಗೆ ಕೊಟ್ಟಿದ್ದೇವೆ, ಇಷ್ಟು ಖರ್ಚು, ಅಲ್ಲಿಯವರೆಗೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ಟ್ಯಾಂಕರು ಎಂದು ನಾಲ್ಕು ಸಾಲು ಬರೆಯಲು ಹೆಚ್ಚಿನ ಓದು ಬೇಡ. ಜನರಿಗೆ ಲೆಕ್ಕ ಒಪ್ಪಿಸಬೇಕಾದವರು ನಾವು ಎಂಬ ಅರಿವು ಇದ್ದರೆ ಸಾಕು.

ನೀರಿಗಿಂತ ದೊಡ್ಡ ಸುದ್ದಿ ಮನೆಯದು. 2001ರ ಫೆಬ್ರುವರಿ 28ರಂದು ಬಿಜಿಎಂಎಲ್ ಮುಚ್ಚಿದಾಗ ಕೆಲಸ ಹೋಯಿತು, ಮನೆ ಉಳಿಯಿತು. ಆ ಮನೆ ಯಾರದ್ದು ಎಂಬ ಪ್ರಶ್ನೆಯೂ ಉಳಿಯಿತು. ಅಪ್ಪ ಬದುಕಿ ಸತ್ತ ಕ್ವಾರ್ಟರ್ಸಿನಲ್ಲೇ ಮಗ ಸಂಸಾರ ಹೂಡಿದ್ದಾನೆ, ಸ್ವಂತ ದುಡ್ಡಿನಲ್ಲಿ ಶೀಟು ಬದಲಿಸಿದ್ದಾನೆ, ಬಚ್ಚಲು ಕಟ್ಟಿಸಿದ್ದಾನೆ. ಹಕ್ಕಿನ ಕಾಗದ ಮಾತ್ರ ಎಲ್ಲರ ಕೈಗೂ ಬಂದಿಲ್ಲ. ಮನೆಯ ಮಾಲೀಕತ್ವವೇ ಇತ್ಯರ್ಥವಾಗದ ಕಡೆ ನಿವಾಸಿಗಳ ಸಂಘದ ಮೊದಲ ಕರ್ತವ್ಯ ಸುದ್ದಿಯನ್ನು ಸರಿಯಾಗಿ ತಿಳಿಸುವುದು. ಗಣಿಗೆ ಜಾಗತಿಕ ಟೆಂಡರ್ ಕರೆಯಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2024ರ ಜೂನ್‌ನಲ್ಲಿ, ಸಾವಿರ ಎಕರೆಗೂ ಮಿಕ್ಕ ಜಾಗದಲ್ಲಿರುವ, ಗಣಿ ತ್ಯಾಜ್ಯದ 13 ಸೈನೈಡ್ ದಿಬ್ಬಗಳ ಮಣ್ಣಿನಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಆಷಾಢದ ಗಾಳಿಗೆ ಈ ದಿಬ್ಬಗಳ ಧೂಳು ಯಾರ ಮನೆಯ ಅನ್ನದ ತಟ್ಟೆಗೆ ಬೀಳುತ್ತದೋ ಅವರಿಗೆ ಈ ತೀರ್ಮಾನದ ಅರ್ಥವನ್ನು ಬಿಡಿಸಿ ಹೇಳಬೇಕಾದವರು ಯಾರು? ದಿಬ್ಬ ಅಗೆದರೆ ಧೂಳು ಹೆಚ್ಚುತ್ತದೆಯೇ, ಪಕ್ಕದ ಲೈನುಗಳಿಗೆ ಏನಾದರೂ ಆಗುತ್ತದೆಯೇ, ಆಕ್ಷೇಪವನ್ನು ಯಾವ ಕಚೇರಿಯಲ್ಲಿ ಸಲ್ಲಿಸಬೇಕು? ಇಂಥ ಪ್ರಶ್ನೆಗಳಿಗೆ ಸುತ್ತೋಲೆಯಲ್ಲಿ ಜಾಗವಿಲ್ಲದಿದ್ದಾಗ ಆ ಜಾಗವನ್ನು ಪುಕಾರು ತುಂಬುತ್ತದೆ. ‘ಎಲ್ಲರನ್ನೂ ಎಬ್ಬಿಸುತ್ತಾರಂತೆ’ ಎಂಬ ಒಂದೇ ಮಾತಿಗೆ ಚಾಂಪಿಯನ್ ರೀಫ್‌ನಿಂದ ಮಾರಿಕುಪ್ಪಂವರೆಗೆ ಮುದುಕರು ನಿದ್ದೆಗೆಡುತ್ತಾರೆ. ಹೆದರಿಕೊಂಡ ಜನರಿಂದ ಯಾರ್‍ಯಾರೋ ಅರ್ಜಿಯ ಹೆಸರಿನಲ್ಲಿ ದುಡ್ಡು ಕೀಳುವುದಕ್ಕೂ ಅಲ್ಲೇ ದಾರಿಯಾಗುತ್ತದೆ.

ಬಂಗಾರಪೇಟೆಯ ಕಥೆ ಬೇರೆ. ಅಲ್ಲಿಯ ಬಡಾವಣೆಗಳಲ್ಲಿ ಕ್ರಯಪತ್ರ ಇದೆ, ಗೇಟಿದೆ, ಕೆಲವೆಡೆ ಸಿಸಿ ಕ್ಯಾಮೆರಾವೂ ಇದೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಬರುವವರೇ ಹೆಚ್ಚು, ಹಾಗಾಗಿ ಸಭೆಯೆಲ್ಲ ಭಾನುವಾರಕ್ಕೆ, ಕೋರಂ ಇಲ್ಲದೆ ಮುಂದಕ್ಕೆ. ಸಂಘದ ದೊಡ್ಡ ಕೆಲಸವಾಗಬೇಕಾದದ್ದು, ಪಾರ್ಕಿಗೂ ನಾಗರಿಕ ಸೌಲಭ್ಯಕ್ಕೂ ಬಿಟ್ಟ ಜಾಗ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ಎಂದು ಹಿಂಬಾಲಿಸುವುದು. ವರದಿಗಳಲ್ಲಿ ಅದು ಒಂದು ಸಾಲು. ಸ್ವಾಗತ ಕಮಾನಿನ ಬಣ್ಣಕ್ಕೆ ಒಂದು ಪುಟ.

ಎರಡೂ ಕಡೆ ಸಮಾನವಾಗಿರುವ, ನನಗೆ ಅತ್ಯಂತ ಕೆಟ್ಟದ್ದೆನಿಸುವ ಪದ್ಧತಿಯೆಂದರೆ ವಂತಿಗೆ ಬಾಕಿದಾರರ ಪಟ್ಟಿಯನ್ನು ಬೋರ್ಡಿಗೆ ಹಾಕುವುದು. ಹೆಸರು, ಮನೆ ಸಂಖ್ಯೆ, ಬಾಕಿ ಮೊತ್ತ, ಕೆಳಗೆ ಕೆಂಪು ಗೆರೆ. ಬಾಕಿ ವಸೂಲಾಗಬೇಕು, ವಂತಿಗೆಯಿಲ್ಲದೆ ವಾಚ್‌ಮನ್‌ನ ಸಂಬಳವೂ ಹುಟ್ಟುವುದಿಲ್ಲ ಎಂಬುದು ನಿಜ. ಆದರೆ ಗಣಿ ಮುಚ್ಚಿ ಎರಡು ದಶಕ ದಾಟಿದ ಊರಿನಲ್ಲಿ ಆ ಪಟ್ಟಿಯಲ್ಲಿರುವವರು ಯಾರೆಂದು ಎಲ್ಲರಿಗೂ ಗೊತ್ತು. ಗಂಡನ ಅಲ್ಪ ಪಿಂಚಣಿಯಲ್ಲಿ ದಿನ ದೂಡುವ ವಿಧವೆ, ಶ್ವಾಸಕೋಶಕ್ಕೆ ಕಲ್ಲುಪುಡಿ ಸೇರಿ ಮಾತ್ರೆಯ ಮೇಲೆ ಬದುಕಿರುವ ಮಾಜಿ ಕಾರ್ಮಿಕ. ಅವರ ಬಾಗಿಲಿಗೆ ಹೋಗಿ ಕೇಳಬಹುದು, ಕಂತು ಮಾಡಿಕೊಡಬಹುದು, ಸಭೆಯಲ್ಲಿ ಠರಾವು ಮಾಡಿ ಮನ್ನಾ ಮಾಡಬಹುದು. ಸಮಿತಿ ಮಾಡಿದ ಖರ್ಚಿನ ವಿವರ ಬೋರ್ಡಿನ ಮೇಲೆ ಇಲ್ಲದಿರುವಾಗ ಬಡವರ ಬಾಕಿ ಮಾತ್ರ ಅಲ್ಲಿರುವುದು ಅನ್ಯಾಯ.

ಹಾಗೆಂದು ಇವರಿಗೆ ಲೆಕ್ಕ ಒಪ್ಪಿಸಲು ಬಾರದು ಎಂದುಕೊಳ್ಳಬಾರದು. ಹಬ್ಬದ ಕಾಲದಲ್ಲಿ ನೋಡಿ. ಮಾರಿಯಮ್ಮನ ಜಾತ್ರೆಗೋ ಗಣೇಶನಿಗೋ ಕ್ರಿಸ್‌ಮಸ್‌ಗೋ ಎತ್ತಿದ ಚಂದಾದ ಲೆಕ್ಕವನ್ನು ಎಷ್ಟೋ ಬೀದಿಗಳಲ್ಲಿ ಬಿಳಿ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಯಾರು ಎಷ್ಟು ಕೊಟ್ಟರು, ಶಾಮಿಯಾನಕ್ಕೆ ಎಷ್ಟು, ತಮಟೆಯವರಿಗೆ ಎಷ್ಟು, ಅಕ್ಕಿ, ಬೇಳೆ, ತೆಂಗಿನಕಾಯಿ, ಕರ್ಪೂರದವರೆಗೆ. ಉಳಿದ ದುಡ್ಡು ಯಾರ ಬಳಿ ಇದೆ ಎಂಬುದೂ ಇರುತ್ತದೆ. ಮಕ್ಕಳು ಕೂಡ ಬೆರಳಿಟ್ಟು ಓದುತ್ತಾರೆ. ತಪ್ಪಿದ್ದರೆ ಅಲ್ಲೇ ಜಗಳ, ಅಲ್ಲೇ ತಿದ್ದುಪಡಿ. ಆ ಹಾಳೆ ನನ್ನ ದೃಷ್ಟಿಯಲ್ಲಿ ಕಾಲೊನಿಯ ಅತ್ಯುತ್ತಮ ಬರಹ. ದೇವರ ದುಡ್ಡೆಂಬ ಭಯ ಅದರ ಹಿಂದಿದೆ ನಿಜ, ಅದಕ್ಕಿಂತ ಹೆಚ್ಚಾಗಿ ಕೊಟ್ಟವರು ಎದುರಿಗೇ ಇದ್ದಾರೆಂಬ ಅರಿವಿದೆ. ಅದೇ ಕೈಗಳು ಮಹಾಸಭೆಗೆ ಜಮಾ-ಖರ್ಚು ಬರೆಯುವಾಗ ‘ಇತರೆ ವೆಚ್ಚ’ ಎಂಬ ಒಂದು ಸಾಲಿನೊಳಗೆ ಸಾವಿರಾರು ರೂಪಾಯಿ ಅಡಗಿಸುತ್ತವೆ. ಕದಿಯಬೇಕೆಂದಲ್ಲ, ಬಹಳಷ್ಟು ಖಜಾಂಚಿಗಳು ಸ್ವಂತ ಕೆಲಸ ಬಿಟ್ಟು ನಗರಸಭೆಗೆ ಓಡಾಡುವ ಪ್ರಾಮಾಣಿಕರು. ವರದಿ ಎಂದರೆ ಹೀಗೇ ಇರಬೇಕು ಎಂಬ ಆಫೀಸಿನ ರೂಢಿ ಅವರ ಕೈಹಿಡಿದು ಹಾಗೆ ಬರೆಸುತ್ತದೆ.

ಕಾನೂನು ಏನು ಮಾಡುತ್ತದೆ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಜನ ಸೇರಿದರೆ ಸಂಘವಾಗುತ್ತದೆ. ವರ್ಷಕ್ಕೊಮ್ಮೆ ಮಹಾಸಭೆ ನಡೆಯಬೇಕು, ಲೆಕ್ಕ ನೋಂದಣಾಧಿಕಾರಿಗೆ ಹೋಗಬೇಕು, ದೂರು ಬಂದರೆ 25ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸಬಹುದು. ಕಾಗದ ಕಚೇರಿಗೆ ತಲುಪಿತೇ ಎಂದು ಕಾನೂನು ನೋಡುತ್ತದೆ, ನಿವಾಸಿಗೆ ಅರ್ಥವಾಯಿತೇ ಎಂದು ನೋಡುವುದಿಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 35 ವಾರ್ಡುಗಳ ಕೆಜಿಎಫ್‌ನ ಜನಸಂಖ್ಯೆ 2011ರಲ್ಲಿ ಒಂದೂಮುಕ್ಕಾಲು ಲಕ್ಷವನ್ನೂ ಮುಟ್ಟಿರಲಿಲ್ಲ. ಹೀಗಾಗಿ ಬೀದಿಯ ಮಾತು ನಗರಸಭೆಗೆ ಏರುವ ಏಣಿಯಾಗಿ ಈ ಚಿಕ್ಕ ಸಂಘಗಳ ಭಾರ ಇಲ್ಲಿ ದೊಡ್ಡ ನಗರಕ್ಕಿಂತ ಹೆಚ್ಚು.

ಭಾಷೆಯದೂ ಒಂದು ಮಾತು ಹೇಳಬೇಕು. ಇಲ್ಲಿಯ ಹಿರಿಯರಲ್ಲಿ ತಮಿಳು ಮಾತನಾಡುವವರೇ ಹೆಚ್ಚು. ತೆಲುಗು, ಉರ್ದು, ಕನ್ನಡ ಎಲ್ಲವೂ ಒಂದೇ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತವೆ. ಶಾಲೆಗೆ ಹೋಗುವ ಮಕ್ಕಳು ಕನ್ನಡ ಓದುತ್ತಾರೆ. ಸಂಘದ ಪತ್ರಗಳು ಕನ್ನಡದಲ್ಲಿರುವುದು ಸರಿ. ಕಚೇರಿಯ ಇಂಗ್ಲಿಷನ್ನು ಹೊದ್ದುಕೊಂಡ ಕನ್ನಡದಲ್ಲಿರುವುದು ಸರಿಯಲ್ಲ, ಅದು ಕನ್ನಡ ಮನೆಮಾತಾದವರಿಗೂ ಮುಟ್ಟುವುದಿಲ್ಲ. ನಡಾವಳಿಯನ್ನು ಸರಳ ಕನ್ನಡದಲ್ಲಿ ಬರೆದು, ಮುಂದಿನ ಸಭೆಯ ಮೊದಲಿಗೆ ಗಟ್ಟಿಯಾಗಿ ಓದಿ, ಕೇಳಿದವರಿಗೆ ಅವರ ಮಾತಿನಲ್ಲಿ ವಿವರಿಸುವುದು ಕಷ್ಟವೇನಲ್ಲ. ಗೇಟ್ ಮೀಟಿಂಗಿನಲ್ಲಿ ಅಪ್ಪ, ತಾತ ಮಾಡುತ್ತಿದ್ದುದು ಇದನ್ನೇ.

ಇಷ್ಟೆಲ್ಲ ಹೇಳುವಾಗ ಆ ಸಭೆಯಲ್ಲಿ ಕೂತವರು ಯಾರು ಎಂಬುದನ್ನು ಬಿಡುವಂತಿಲ್ಲ. ಮನೆಗೊಂದು ಸದಸ್ಯತ್ವ, ಸದಸ್ಯತ್ವ ಗಂಡನ ಹೆಸರಿನಲ್ಲಿ. ನೀರು ಯಾವ ದಿನ ಎಷ್ಟು ಹೊತ್ತಿಗೆ ಬಂತು, ಯಾವ ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ಯಾವ ಕಂಬದ ದೀಪ ಎಷ್ಟು ತಿಂಗಳಿಂದ ಉರಿಯುತ್ತಿಲ್ಲ ಎಂದು ನಿಖರವಾಗಿ ಬಲ್ಲವರು ಹೆಂಗಸರು. ಅವರು ಸಭೆಯ ಹೊತ್ತಿಗೆ ಬಾಗಿಲ ಬಳಿ ನಿಂತಿರುತ್ತಾರೆ, ಇಲ್ಲವೇ ಕಾಫಿ ತರುತ್ತಾರೆ. ಎಷ್ಟೋ ರಿಜಿಸ್ಟರುಗಳಲ್ಲಿ ಸತ್ತವರ ಹೆಸರು ಇನ್ನೂ ಸದಸ್ಯರಾಗಿದೆ, ಅದೇ ಮನೆಯಲ್ಲಿ ಬದುಕಿರುವ ಹೆಂಡತಿಯ ಹೆಸರಿಲ್ಲ. ಬೈಲಾ ತಿದ್ದುವುದಕ್ಕೆ ಸದಸ್ಯರ ಸಭೆಯ ಠರಾವು ಬೇಕು, ಅದು ನೋಂದಣಾಧಿಕಾರಿಯಲ್ಲಿ ದಾಖಲಾಗಬೇಕು. ಗಂಡ-ಹೆಂಡತಿ ಇಬ್ಬರಿಗೂ ಸದಸ್ಯತ್ವ ಎಂಬ ಒಂದು ವಿಷಯವನ್ನು ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಸೇರಿಸಲಿ. ಅದಕ್ಕೆ ಯಾರು ಬೇಡವೆಂದರು, ಏಕೆ ಬೇಡವೆಂದರು ಎಂಬುದನ್ನೂ ಹೆಸರು ಸಮೇತ ನಡಾವಳಿಯಲ್ಲಿ ಬರೆಯಲಿ.