ಹಸೆಗೋಡೆಯ ಮುಂದೆ ನಿಂತವರಿಗೆ

ಸೊರಬ ತಾಲ್ಲೂಕಿನ ಹೊಸಬಾಳೆಯ ಕಡೆಯಿಂದ ಹಿಡಿದು ಶಿಕಾರಿಪುರದ ಗಡಿ, ಇತ್ತ ಸಾಗರ, ಹೊಸನಗರ, ಸಿದ್ದಾಪುರದವರೆಗಿನ ಮಲೆನಾಡಿನಲ್ಲಿ ಚಿತ್ರ ಬರೆಯುವುದನ್ನು ಯಾವ ಶಾಲೆಗೂ ಹೋಗದೆ ಕಲಿತವರ ದೊಡ್ಡ ಪರಂಪರೆಯೊಂದಿದೆ. ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳದು ಅದು. ಅವ್ವ ಗೋಡೆಗೆ ಬರೆಯುವಾಗ ಮಗಳು ಪಕ್ಕದಲ್ಲಿ ಕೂತು ಬಣ್ಣ ಕದಡಿಕೊಟ್ಟಳು, ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟಳು, ಮುಂದಿನ ವರ್ಷ ಒಂದು ಗೆರೆ ಎಳೆದಳು. ಮದುವೆಯಾಗಿ ಹೋದ ಊರಲ್ಲಿ ಅತ್ತೆಯ ಕೈಯ ನಮೂನೆಗಳೂ ಸೇರಿಕೊಂಡವು. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಪಟ್ಟಿಯಲ್ಲಿ ಬರೆದಿಟ್ಟ ನಿಯಮವೂ ಇಲ್ಲ. ಆದರೂ ಕೆಲಸದ ಅಚ್ಚುಕಟ್ಟು ಕಂಡರೆ ತರಬೇತಾದ ಕಲಾವಿದರೂ ನಿಂತು ನೋಡುತ್ತಾರೆ. ಈ ಕಲೆಯ ಹೆಸರು ಹಸೆ ಚಿತ್ತಾರ.

ಹೊಸದಾಗಿ ನೋಡುವವರಲ್ಲಿ ಹೆಚ್ಚಿನವರು ಎರಡು ನಿಮಿಷದಲ್ಲಿ ಮುಂದೆ ಹೋಗುತ್ತಾರೆ. ‘ವಾರ್ಲಿ ತರಹ ಇದೆ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಮಹಾರಾಷ್ಟ್ರದ ವಾರ್ಲಿ ಚಿತ್ರಗಳಲ್ಲೂ ಇಲ್ಲೂ ಕೆಂಪು ನೆಲ, ಅಕ್ಕಿಯ ಬಿಳಿ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ವಾರ್ಲಿಯಲ್ಲಿ ಕಣ್ಣು ಮನುಷ್ಯರನ್ನು ಹುಡುಕುತ್ತದೆ: ಕುಣಿಯುವವರು, ಉಳುವವರು, ಮರ ಹತ್ತುವವರು. ಚಿತ್ತಾರದಲ್ಲಿ ಮನುಷ್ಯರು ಬಂದರೂ ನಾಲ್ಕಾರು ಗೆರೆಗಳಲ್ಲಿ ಮುಗಿದು ಸಣ್ಣದಾಗಿ ನಿಂತಿರುತ್ತಾರೆ. ಇಲ್ಲಿ ನಾಯಕತ್ವ ಗೆರೆಯದು. ಇಲ್ಲಿನವರು ಅದನ್ನು ಎಳೆ ಎನ್ನುತ್ತಾರೆ.

ಆದ್ದರಿಂದ ಮೊದಲು ಚಿತ್ರದಲ್ಲಿ ಏನಿದೆ ಎಂದು ಹುಡುಕುವುದನ್ನು ಬಿಟ್ಟು ಒಂದೇ ಒಂದು ಎಳೆಯನ್ನು ಹಿಡಿದು ಅದು ಹೋದಲ್ಲಿಗೆ ಹೋಗಬೇಕು. ಶುರುವಿನಲ್ಲಿ ಎಷ್ಟು ದಪ್ಪವೋ ಕೊನೆಯಲ್ಲೂ ಅಷ್ಟೇ ಇದೆಯೇ? ಪಕ್ಕದ ಎಳೆಯೊಂದಿಗೆ ಅಂತರ ಸಮವಾಗಿದೆಯೇ? ಬಣ್ಣ ಮುಗಿದು ನಾರಿನ ಕುಂಚವನ್ನು ಮತ್ತೆ ಅದ್ದಿದ ಜಾಗ ಕಣ್ಣಿಗೆ ಸಿಗುತ್ತದೆಯೇ? ಒಳ್ಳೆಯ ಕೈಯಾದರೆ ಆ ಸಂದು ಹುಡುಕಿದರೂ ಸಿಗುವುದಿಲ್ಲ. ಅಡ್ಡ ಎಳೆ, ನಿಂತ ಎಳೆ, ಓರೆ ಎಳೆ ಸೇರಿ ಚೌಕಗಳಾಗುತ್ತವೆ, ಚೌಕದೊಳಗೆ ತ್ರಿಕೋನಗಳು ತುಂಬಿಕೊಳ್ಳುತ್ತವೆ, ಅವುಗಳಿಂದ ಜೋಗಿ ಜಡೆಯಂಥ ಹೆಣಿಗೆಯ ನಮೂನೆಗಳು ಹುಟ್ಟುತ್ತವೆ.

ಎಳೆಯ ನಂತರ ನೋಡಬೇಕಾದದ್ದು ಮೂಲೆ. ಚಿತ್ತಾರದ ಸುತ್ತಲೂ ಅಂಚು ಬರುತ್ತದೆ, ಹಲವು ಸಲ ಒಂದರೊಳಗೊಂದು ಎರಡು ಮೂರು ಅಂಚುಗಳು. ಒಂದು ಬದಿಯಲ್ಲಿ ಓಡುತ್ತಾ ಬಂದ ನಮೂನೆ ಮೂಲೆಯಲ್ಲಿ ತಿರುಗುವಾಗ ಅರ್ಧಕ್ಕೆ ತುಂಡಾಗದೆ ಪೂರ್ತಿಯಾಗಿ ಕೂರಬೇಕು. ಅದಕ್ಕೆ ಗೋಡೆಯ ಉದ್ದವನ್ನು ಮೊದಲೇ ಮನಸ್ಸಿನಲ್ಲಿ ಭಾಗ ಮಾಡಿಕೊಂಡಿರಬೇಕು. ಬರೆದವಳ ಲೆಕ್ಕಾಚಾರ ಪೂರ್ತಿ ಬಯಲಾಗುವ ಜಾಗ ಇದೇ. ಮಧ್ಯದ ಅಂದಕ್ಕೆ ಮರುಳಾಗಿ ಮೂಲೆ ನೋಡದೆ ಹೋದವರು ಅರ್ಧ ಚಿತ್ತಾರವನ್ನಷ್ಟೇ ನೋಡಿದ್ದಾರೆ.

ಅಂಚಿನಿಂದ ಒಳಗೆ ಬಂದರೆ ಮದುವೆಯ ಲೋಕ. ಹಸೆಗೋಡೆಯ ಚಿತ್ತಾರ ಮದುವೆಗೆಂದೇ ಬರೆಯುವಂಥದು. ಅದರ ಮುಂದೆ ವಧೂವರರು ಹಸೆಯ ಮೇಲೆ ಕೂರುತ್ತಾರೆ. ಹಾಗಾಗಿ ಬಾಸಿಂಗ, ದಂಡಿಗೆ, ಮದುಮಕ್ಕಳು ಅಲ್ಲಿ ಬರುತ್ತಾರೆ. ತೇರಿನ ಚಿತ್ತಾರದಲ್ಲಿ ಊರ ಜಾತ್ರೆಯ ರಥವೇ ಎಳೆಗಳಾಗಿ ಮೇಲೇರುತ್ತದೆ. ಇವುಗಳಲ್ಲಿ ಒಂದನ್ನೂ ಕಂಡದ್ದು ಕಂಡ ಹಾಗೆ ಬರೆದಿರುವುದಿಲ್ಲ. ತೇರಿನ ಮರದ ಅಟ್ಟಣೆ, ಪತಾಕೆ, ಗಾಲಿ ಎಲ್ಲವೂ ಚೌಕ, ತ್ರಿಕೋನಗಳ ಕಟ್ಟಿಗೆ ಒಳಪಟ್ಟೇ ಬರಬೇಕು. ವಸ್ತುವನ್ನು ಅದರ ಅಸ್ಥಿಪಂಜರಕ್ಕೆ ಇಳಿಸುವ ಈ ಧೈರ್ಯ ದೊಡ್ಡದು.

ಇನ್ನು ಬಣ್ಣ. ಸಾಂಪ್ರದಾಯಿಕ ಚಿತ್ತಾರದಲ್ಲಿ ನಾಲ್ಕೇ ಬಣ್ಣ, ನಾಲ್ಕೂ ಮನೆಯ ಸುತ್ತಮುತ್ತ ಸಿಗುವಂಥವು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬಿಳಿಯೂ ಕಪ್ಪೂ ಒಂದೇ ಅಕ್ಕಿಯಿಂದ ಬರುತ್ತವೆ ಎಂಬುದು ಗೊತ್ತಾದ ಮೇಲೆ ಗೋಡೆಯನ್ನು ನೋಡುವ ರೀತಿಯೇ ಬದಲಾಗುತ್ತದೆ. ಅಕ್ಕಿಯ ಬಿಳುಪು ಅಂಗಡಿಯ ಪೇಂಟಿನ ಬಿಳುಪಿನ ಹಾಗೆ ಹೊಡೆದು ಕಾಣುವುದಿಲ್ಲ, ಅದರಲ್ಲಿ ಸ್ವಲ್ಪ ಮಾಸಲು ಇರುತ್ತದೆ. ಹುರಿದ ಅಕ್ಕಿಯ ಕಪ್ಪಿನಲ್ಲಿ ಕಂದಿನ ಛಾಯೆ ಇರುತ್ತದೆ. ಈ ನಾಲ್ಕೂ ಒಂದೇ ಗೋಡೆಯ ಮೇಲೆ ಜಗಳವಾಡದೆ ಕೂರುವುದಕ್ಕೆ ಈ ಮೃದುತನವೇ ಕಾರಣ.

ಕುಂಚವೂ ಮನೆಯದೇ. ಹಗ್ಗ ಹೊಸೆಯುವ ಪುಂಡಿ ನಾರನ್ನು ಹದ ಮಾಡಿ, ಎಷ್ಟು ದಪ್ಪದ ಎಳೆ ಬೇಕೋ ಅಷ್ಟು ನಾರು ತೆಗೆದುಕೊಂಡು ಬರೆಯುತ್ತಾರೆ. ನಾರು ಅಂಗಡಿಯ ಕುಂಚದ ಹಾಗೆ ಸೆಟೆದು ನಿಲ್ಲುವುದಿಲ್ಲ, ಬಳುಕುತ್ತದೆ. ಬಳುಕುವುದರಿಂದ ನೇರ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದು ಕೈಯಲ್ಲಿ ಹಿಡಿಯದ ಹೊರತು ತಿಳಿಯುವುದಿಲ್ಲ. ರಸಿಕರಾಗಬೇಕೆನ್ನುವವರು ಒಂದು ಮಧ್ಯಾಹ್ನ ಇದನ್ನು ಮಾಡಿ ನೋಡಬೇಕು: ಒಂದು ಹಿಡಿ ಅಕ್ಕಿ ನೆನೆಸಿ ನುಣ್ಣಗೆ ಅರೆದು, ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ನಾರಿನಿಂದ ಐದು ಸಮಾನಾಂತರ ಎಳೆ. ಹಿಟ್ಟು ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ನಡುವೆ ಕಡಿದು ಬಿಳಿ ತುಂಡುತುಂಡಾಗುತ್ತದೆ. ಹಸಿಯಿದ್ದಾಗ ಮಂಕಾಗಿ ಕಾಣುವ ಎಳೆ ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ, ಹಾಗಾಗಿ ತಪ್ಪು ಕಾಣಿಸುವುದೂ ತಡವಾಗಿಯೇ. ಇಷ್ಟು ಮಾಡಿದವರು ಮುಂದೆ ಯಾವ ಹಸೆಗೋಡೆಯ ಎದುರೂ ಎರಡು ನಿಮಿಷಕ್ಕೆ ಕದಲುವುದಿಲ್ಲ.

ಗೋಡೆ ಸಿಗದಿದ್ದರೆ ಬುಟ್ಟಿ ನೋಡಬಹುದು. ಆಶ್ವಯುಜದ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆಯೊಡೆಯುವ ಕಾಲ ಅದು. ಗದ್ದೆಯನ್ನು ಬಸುರಿ ಎಂದು ಕಂಡು ಬಯಕೆಯ ಊಟ ಬಡಿಸುವ ಹಬ್ಬ. ಹಬ್ಬದ ಮೊದಲೇ ಬಿದಿರಿನ ಬುಟ್ಟಿಗೆ ಸೆಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ನಾನಾ ಸೊಪ್ಪುಗಳನ್ನು ಬೇಯಿಸಿದ ಹಚ್ಚಂಬಲಿಯನ್ನೂ ಕಡುಬನ್ನೂ ಅದರಲ್ಲಿ ತುಂಬಿಕೊಟ್ಟರೆ, ಬೆಳಗಿನ ಜಾವ ಅದು ಗದ್ದೆಗೆ ಹೋಗುತ್ತದೆ. ಬುಟ್ಟಿಯ ಮೈ ಉರುಟು, ಹೆಣಿಗೆಯ ಏರುತಗ್ಗು ಬೇರೆ. ಸಪಾಟು ಗೋಡೆಯಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸುತ್ತು ಬಂದ ಅಂಚು ಶುರುವಾದ ಜಾಗಕ್ಕೇ ಸರಿಯಾಗಿ ಬಂದು ಕೂಡಿದೆಯೇ ಎಂದು ಬುಟ್ಟಿಯನ್ನು ತಿರುಗಿಸಿ ನೋಡಬೇಕು. ಕುಶಲತೆಯ ದೃಷ್ಟಿಯಿಂದ ಒಳ್ಳೆಯ ಭೂಮಣ್ಣಿ ಬುಟ್ಟಿ ಹಸೆಗೋಡೆಗಿಂತ ಒಂದು ಕೈ ಮೇಲೆಂದೇ ಹೇಳಬೇಕು.

ಈ ಗೆರೆಗಳನ್ನು ಎಳೆದವರು ಬಹುಪಾಲು ಗೇಣಿದಾರರ ಮನೆಯವರು ಎಂಬುದನ್ನೂ ಮರೆಯಬಾರದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ತಕರಾರು ದೊಡ್ಡ ಸತ್ಯಾಗ್ರಹವಾಯಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬೆನ್ನೆಲುಬು ದೀವರ ರೈತರು. ಅಳೆದು ಕೊಡಬೇಕಾಗಿದ್ದ ಅದೇ ಭತ್ತದ ಅಕ್ಕಿ ಅವರ ಗೋಡೆಯ ಬಿಳಿಯೂ ಆಗಿತ್ತು. ತೆನೆಯನ್ನೇ ಹೆಣೆದು ಬಾಗಿಲಿಗೆ ಕಟ್ಟುವ ಭತ್ತದ ತೋರಣ ಕೂಡ ಇದೇ ಮನೆಗಳ ಕಸುಬು.

ಮಣ್ಣಿನ ಗೋಡೆಗಳು ಹೋಗಿ ಸಿಮೆಂಟು ಬಂದ ಮೇಲೆ ಚಿತ್ತಾರ ತನ್ನ ನೆಲ ಕಳೆದುಕೊಂಡಿತು. ಡಿಸ್ಟೆಂಪರ್ ಬಳಿದ ನುಣುಪು ಗೋಡೆ ಅಕ್ಕಿ ಹಿಟ್ಟನ್ನು ಹೀರಿಕೊಳ್ಳುವುದಿಲ್ಲ. ಬೇರೆಡೆಯ ಇಂಥ ಕಲೆಗಳಿಗೆ ಹೊಸ ದಾರಿ ಸಿಕ್ಕಿತು. ಬಿಹಾರದ ಮಿಥಿಲೆಯಲ್ಲಿ 1960ರ ದಶಕದ ಬರಗಾಲದಲ್ಲಿ ಗೋಡೆಯ ಚಿತ್ರಗಳನ್ನು ಕಾಗದಕ್ಕೆ ಇಳಿಸಿ ಮಾರುವ ವ್ಯವಸ್ಥೆಯಾಯಿತು; ಮಧುಬನಿ ಎಂಬ ಆ ಕಲೆಗೆ ಇಂದು ಜಗತ್ತಿನಲ್ಲೆಲ್ಲ ಹೆಸರಿದೆ. ವಾರ್ಲಿ ಕಲಾವಿದ ಜಿವ್ಯಾ ಸೋಮ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಚಿತ್ತಾರಕ್ಕೆ ಅಂಥ ಬೆಳಕು ತಡವಾಗಿ, ಅದೂ ಅಷ್ಟಿಷ್ಟೇ ಬಿದ್ದಿದೆ. ಹಸುವಂತೆಯ ಈಶ್ವರ ನಾಯ್ಕ, ಸಿರಿವಂತೆಯಲ್ಲಿ ‘ಚಿತ್ರಸಿರಿ’ ಸಂಸ್ಥೆ ಕಟ್ಟಿದ ಚಂದ್ರಶೇಖರ್ ಅವರಂಥವರು ಸಾಗರದ ಕಡೆ ಇದನ್ನು ಬಟ್ಟೆಗೆ, ಹಲಗೆಗೆ, ಕಾಗದಕ್ಕೆ ತಂದು ಹೊರಗಿನವರಿಗೆ ಮುಟ್ಟಿಸಿದ್ದಾರೆ.

ಕಾಗದದ ಮೇಲಿನ ಚಿತ್ತಾರವನ್ನು ಕೀಳೆಂದು ತಳ್ಳಬೇಕಿಲ್ಲ. ಅದು ಉಳಿಯಲು ಕಂಡುಕೊಂಡ ದಾರಿ, ಅದರಲ್ಲೂ ಎಳೆ ಮತ್ತು ಮೂಲೆಯ ಪರೀಕ್ಷೆ ಹಾಗೆಯೇ ಅನ್ವಯಿಸುತ್ತದೆ. ನೋಡಬೇಕಾದ ವ್ಯತ್ಯಾಸ ಬೇರೆ: ಸ್ಕೇಲು ಇಟ್ಟು ಎಳೆದ ಗೆರೆ ಎಲ್ಲೂ ಉಸಿರಾಡುವುದಿಲ್ಲ, ಕೈಯ ಎಳೆಯಲ್ಲಿ ಕೂದಲಿನಷ್ಟು ಕಂಪನ ಇದ್ದೇ ಇರುತ್ತದೆ. ಆ ಕಂಪನವನ್ನು ದೋಷವೆಂದು ಎಣಿಸುವವರಿಗೆ ಅಚ್ಚು ಹಾಕಿದ ಚಿತ್ರವೇ ಸಾಕು.

ನೋಡಲು ಹೋಗುವವರು ಭೂಮಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ಹೋಗಲಿ. ಬುಟ್ಟಿ ಬರೆಯುವ ಕೈಗಳು ಆಗ ಕೆಲಸದಲ್ಲಿರುತ್ತವೆ. ಮನೆಯವರನ್ನು ಕೇಳಿ, ಒಪ್ಪಿದರೆ ಮಾತ್ರ ಒಳಗೆ ಹೋಗಲಿ, ಅದು ಪ್ರದರ್ಶನವಲ್ಲ, ಹಬ್ಬದ ತಯಾರಿ. ಕೊಳ್ಳುವವರು ಹೆಚ್ಚು ಚೌಕಾಸಿಗಿಳಿಯದೆ ಕೊಳ್ಳಲಿ. ತಲೆಮಾರುಗಳ ಕಾಲ ಗೋಡೆ ತುಂಬಿಸಿದ ಹೆಂಗಸರಲ್ಲಿ ಬಹಳಷ್ಟು ಜನರ ಹೆಸರು ಎಲ್ಲೂ ದಾಖಲಾಗಲಿಲ್ಲ. ಆದ್ದರಿಂದ ಚಿತ್ತಾರ ಮನೆಗೆ ತರುವ ಮುನ್ನ ಅದರ ಹಿಂಬದಿಯಲ್ಲಿ ಬರೆದವರ ಹೆಸರು, ಊರು, ವರ್ಷವನ್ನು ಅವರ ಕೈಯಿಂದಲೇ ಬರೆಸಿಕೊಂಡು ಬನ್ನಿ.